‘ದಿ ಕ್ರೂಸಿಬಲ್’ ನಾಟಕದ ಪಾತ್ರಗಳ ಒಳಗಿನ ಕಾರಣ ಹುಡುಕುವುದು ಹೇಗೆ? ನಟರಿಗೆ, ನಿರ್ದೇಶಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಹವ್ಯಾಸಿ ತಂಡದಲ್ಲಿ ಈ ನಾಟಕದ ಮೊದಲ ಓದು ನಡೆದ ದಿನ ಇನ್ನೂ ನೆನಪಿದೆ. ಪಾದ್ರಿ ಪ್ಯಾರಿಸ್ ಪಾತ್ರದ ಹುಡುಗ ಮೊದಲ ಮಾತಿನಿಂದಲೇ ಕಿರುಚಲು ಶುರು ಮಾಡಿದ. ಹುಬ್ಬು ಗಂಟಿಕ್ಕಿತ್ತು, ಮುಷ್ಟಿ ಬಿಗಿದಿತ್ತು. ‘ಇವನು ಕೆಟ್ಟವನು ಅಲ್ವಾ ಸರ್?’ ಅಂತ ಕೇಳಿದ. ನಾನು ಅದಕ್ಕೆ ಉತ್ತರ ಕೊಡದೆ, ‘ಚಳಿಗಾಲಕ್ಕೆ ನಿಮ್ಮ ಮನೆಗೆ ಸೌದೆ ಬಂತಾ?’ ಅಂತ ಕೇಳಿದೆ. ಅವನಿಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಹೋಗಿ ಮೊದಲ ಅಂಕವನ್ನು ಮತ್ತೆ ಓದಿದ. ಮರುದಿನ ಬಂದಾಗ ಅವನ ದನಿ ಇಳಿದಿತ್ತು, ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ತನ್ನನ್ನು ಯಾರೋ ಹೊರಹಾಕಲು ಬರುತ್ತಿದ್ದಾರೆ ಅನ್ನುವವನ ಹಾಗೆ ಕೂತಿದ್ದ. ಪ್ಯಾರಿಸ್ ಅಂದರೆ ಅದೇ.

ಈ ನಾಟಕದ ಪಾತ್ರಗಳನ್ನು ಹಿಡಿಯಲು ನಾನು ನಂಬಿರುವ ದಾರಿ ಒಂದೇ. ಇವನು ಒಳ್ಳೆಯವನಾ, ಕೆಟ್ಟವನಾ ಅಂತ ಕೇಳಬೇಡಿ. ಇವನು ಏನನ್ನು ಕಳೆದುಕೊಳ್ಳಲು ಹೆದರುತ್ತಿದ್ದಾನೆ ಅಂತ ಕೇಳಿ. ಸೌದೆಯೋ, ಹೊಲವೋ, ಗಂಡನೋ, ಕುರ್ಚಿಯೋ, ಹೆಸರೋ, ಏನೋ ಒಂದು ಇದ್ದೇ ಇರುತ್ತದೆ. ಆ ಊರಲ್ಲಿ ಭಯವಿಲ್ಲದೆ ಸುಳ್ಳು ಹೇಳಿದವರು ಬಹಳ ಕಡಿಮೆ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಆರ್ಥರ್ ಮಿಲ್ಲರ್ ಬರೆದ ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1953ರ ಜನವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಕಥೆ ನಡೆಯುವುದು 1692ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ. ನಮ್ಮ ಪಕ್ಕದ ತಮಿಳುನಾಡಿನ ಸೇಲಂ ಬೇರೆ. ಇದು ಪ್ಯೂರಿಟನ್ನರ, ಅಂದರೆ ತುಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ ಊರು. ಕುಣಿತ ಪಾಪ, ನಾಟಕ ಪಾಪ, ಭಾನುವಾರ ಪ್ರಾರ್ಥನೆಗೆ ಬಾರದೆ ಹೊಲಕ್ಕೆ ಹೋದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕೆಲವು ಹುಡುಗಿಯರು ರಾತ್ರಿ ಕಾಡಿನಲ್ಲಿ ಕುಣಿದು ಸಿಕ್ಕಿಬೀಳುತ್ತಾರೆ. ಶಿಕ್ಷೆ ತಪ್ಪಿಸಿಕೊಳ್ಳಲು ಮಾಟದ ಮಾತು ಎತ್ತುತ್ತಾರೆ. ಅಲ್ಲಿಂದ ಊರೇ ಹೊತ್ತಿಕೊಳ್ಳುತ್ತದೆ. ನಿಜವಾದ ಸೇಲಂನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಜೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸೆರೆಮನೆಯಲ್ಲೇ ಸತ್ತವರೂ ಇದ್ದಾರೆ.

ಮೊದಲ ಹೆಜ್ಜೆ: ಕಾಡಿನ ರಾತ್ರಿಗಿಂತ ಹಿಂದೆ ಹೋಗಿ

ಪರದೆ ಎದ್ದಾಗ ಪಾದ್ರಿ ಪ್ಯಾರಿಸ್‌ನ ಮಗಳು ಬೆಟ್ಟಿ ಹಾಸಿಗೆಯಲ್ಲಿ ಅಲುಗಾಡದೆ ಮಲಗಿದ್ದಾಳೆ. ಹೆಚ್ಚಿನವರು ಕಥೆ ಇಲ್ಲಿಂದ ಶುರು ಅಂದುಕೊಳ್ಳುತ್ತಾರೆ. ಆದರೆ ಆ ಮಂಚದ ಸುತ್ತ ನಿಂತವರೆಲ್ಲ ಹಳೆಯ ಬಾಕಿ ಹೊತ್ತುಕೊಂಡೇ ಬಂದಿರುತ್ತಾರೆ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪಾತ್ರಕ್ಕೂ ಒಂದು ಪುಟ. ಬೆಟ್ಟಿ ಮಲಗುವುದಕ್ಕೆ ಮೊದಲು ಈ ಮನುಷ್ಯನ ಬದುಕಿನಲ್ಲಿ ಏನೇನು ಆಗಿತ್ತು ಅಂತ ನಾಟಕದ ಮಾತುಗಳಿಂದಲೇ ಹೆಕ್ಕಿ ಬರೆಯಿರಿ. ನಿಮ್ಮ ಕಲ್ಪನೆ ಈಗ ಬೇಡ, ಪಠ್ಯದಲ್ಲೇ ಬೇಕಾದಷ್ಟಿದೆ.

ಪಟ್ನಮ್ ದಂಪತಿಯನ್ನೇ ನೋಡಿ. ಥಾಮಸ್ ಪಟ್ನಮ್ ಊರಿನ ದೊಡ್ಡ ಜಮೀನುದಾರ. ಅವನ ಹೆಂಡತಿಯ ಅಕ್ಕತಂಗಿಯೊಬ್ಬಳ ಗಂಡನಿಗೆ ಪಾದ್ರಿ ಹುದ್ದೆ ಸಿಗದೆ ಹೋಗಿತ್ತು. ಆ ಅವಮಾನ ಇನ್ನೂ ಆರಿಲ್ಲ. ನರ್ಸ್ ಎಂಬ ಹೆಸರಿನ ಮನೆತನದ ಮೇಲೆ ಜಮೀನಿನ ಸಿಟ್ಟು ಬೇರೆ. ನಾಟಕದ ನಾಯಕ, ರೈತ ಜಾನ್ ಪ್ರಾಕ್ಟರ್ ಮರ ಎಳೆದು ತರುತ್ತೇನೆ ಅಂದ ಕೂಡಲೇ ಅದು ನನ್ನ ಎಲ್ಲೆಯೊಳಗಿನ ಮರ ಅಂತ ಜಗಳಕ್ಕೆ ನಿಲ್ಲುತ್ತಾನೆ. ಪಕ್ಕದಲ್ಲಿ ಮಗು ಸಾಯುವ ಹಾಗೆ ಮಲಗಿದೆ, ಇಲ್ಲಿ ಮರದ ಜಗಳ! ಈ ಜಗಳವನ್ನು ಎಷ್ಟೋ ತಂಡಗಳು ‘ಉದ್ದ ಆಯ್ತು’ ಅಂತ ಕತ್ತರಿಸಿಬಿಡುತ್ತವೆ. ದಯವಿಟ್ಟು ಕತ್ತರಿಸಬೇಡಿ. ಮೂರನೇ ಅಂಕದಲ್ಲಿ ಜೈಲ್ಸ್ ಕೋರಿ ಕೋರ್ಟಿನಲ್ಲಿ ನಿಂತು ಹೇಳುವುದು ಇದನ್ನೇ: ಆರೋಪಿಗೆ ಗಲ್ಲಾದರೆ ಅವನ ಜಮೀನು ಸರ್ಕಾರಕ್ಕೆ ಹೋಗುತ್ತದೆ, ಅಷ್ಟು ದೊಡ್ಡ ಜಮೀನು ಕೊಳ್ಳುವ ದುಡ್ಡು ಇರುವುದು ಪಟ್ನಮ್ ಒಬ್ಬನಿಗೇ. ಮೊದಲ ಅಂಕದಲ್ಲಿ ಬೀಜ ಬೀಳದಿದ್ದರೆ ಮೂರನೇ ಅಂಕದಲ್ಲಿ ಆ ಮಾತಿಗೆ ಬೇರು ಇರುವುದಿಲ್ಲ.

ಆದರೆ ಆನ್ ಪಟ್ನಮ್‌ಳನ್ನು ಗಂಡನ ಲೆಕ್ಕದಲ್ಲೇ ಹಿಡಿದರೆ ತಪ್ಪಾಗುತ್ತದೆ. ಆಕೆ ಏಳು ಹಸುಗೂಸುಗಳನ್ನು ಮಣ್ಣು ಮಾಡಿದ ತಾಯಿ. ಉಳಿದಿರುವುದು ರೂತ್ ಒಬ್ಬಳೇ, ಈಗ ಅವಳಿಗೂ ಏನೋ ಆಗಿದೆ. ಎದುರಿಗೆ ರೆಬೆಕ್ಕಾ ನರ್ಸ್ ನಿಂತಿದ್ದಾಳೆ. ಹನ್ನೊಂದು ಮಕ್ಕಳು, ಇಪ್ಪತ್ತಾರು ಮೊಮ್ಮಕ್ಕಳು, ಒಂದನ್ನೂ ಕಳೆದುಕೊಂಡಿಲ್ಲ. ರೆಬೆಕ್ಕಾ ಬಂದು ಪಕ್ಕದಲ್ಲಿ ನಿಂತರೆ ಸಾಕು, ಬೆಟ್ಟಿ ಸುಮ್ಮನಾಗುತ್ತಾಳೆ. ಆ ಗಳಿಗೆಯಲ್ಲಿ ಆನ್ ಪಾತ್ರಧಾರಿ ಎಲ್ಲಿ ನೋಡಬೇಕು? ಬೆಟ್ಟಿಯ ಕಡೆಯಲ್ಲ, ರೆಬೆಕ್ಕಾಳ ಕೈಗಳ ಕಡೆ. ಹೊಟ್ಟೆಕಿಚ್ಚು ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಉತ್ತರ ಸಿಗದ ದುಃಖ ಅನ್ನಿಸುತ್ತದೆ. ‘ನನಗೇ ಯಾಕೆ?’ ಅಂತ ಕೇಳಿದವಳಿಗೆ ಊರಲ್ಲಿ ಯಾರೂ ಉತ್ತರ ಕೊಟ್ಟಿಲ್ಲ. ಮಾಟ ಅನ್ನುವುದು ಆಕೆಗೆ ಸಿಕ್ಕ ಮೊದಲ ಉತ್ತರ. ಆಮೇಲೆ ರೆಬೆಕ್ಕಾಳನ್ನು ಬಂಧಿಸುವುದು ಈ ಕೂಸುಗಳ ಕೊಲೆಯ ಆರೋಪದ ಮೇಲೆಯೇ.

ಎರಡನೇ ಹೆಜ್ಜೆ: ಕೈಗೆ ಸಿಗುವ ಒಂದು ವಸ್ತು

‘ಅಧಿಕಾರದ ಆಸೆ’, ‘ಪ್ರತಿಷ್ಠೆ’, ‘ಸೇಡು’. ಇವೆಲ್ಲ ಪರೀಕ್ಷೆಯ ಉತ್ತರ ಪತ್ರಿಕೆಗೆ ಚೆನ್ನ. ನಟನಿಗೆ ಇವು ಪ್ರಯೋಜನಕ್ಕೆ ಬರುವುದಿಲ್ಲ, ಯಾಕೆಂದರೆ ಅಧಿಕಾರವನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದಕ್ಕೇ ಪ್ರತಿ ಪಾತ್ರಕ್ಕೂ ಒಂದು ವಸ್ತು ಹುಡುಕಿ.

ಪ್ಯಾರಿಸ್‌ಗೆ ಸೌದೆ. ಅವನ ಸಂಬಳ 66 ಪೌಂಡು. ಅದರಲ್ಲಿ 6 ಪೌಂಡು ಸೌದೆಗೆ ಅಂತ ಊರವರು ಹೇಳುತ್ತಾರೆ. ಅದು ಸಂಬಳದ ಭಾಗ, ಸೌದೆ ಬೇರೆ ಕೊಡಬೇಕು ಅಂತ ಇವನು ಹೇಳುತ್ತಾನೆ. ನವೆಂಬರಿನಿಂದ ಕಾದರೂ ಒಂದು ಕಡ್ಡಿ ಬಂದಿಲ್ಲ, ಚಳಿಗೆ ಕೈ ಒಡೆದಿದೆ. ಏಳು ವರ್ಷದಲ್ಲಿ ಈ ಊರು ಕಂಡ ಮೂರನೇ ಪಾದ್ರಿ ಇವನು. ಬಹುಮತಕ್ಕೆ ಬೇಡ ಅನ್ನಿಸಿದಾಗ ಬೆಕ್ಕಿನ ಹಾಗೆ ಹೊರಗೆ ಹಾಕಿಸಿಕೊಳ್ಳಲು ತಯಾರಿಲ್ಲ, ಅದಕ್ಕೇ ಮನೆಯ ಪತ್ರ ತನ್ನ ಹೆಸರಿಗೆ ಬೇಕು ಅನ್ನುತ್ತಾನೆ. ಮಗಳು ಮಲಗಿದ್ದಾಗಲೂ ಅವನ ತಲೆಯಲ್ಲಿ ಓಡುವುದು ಒಂದೇ: ನನ್ನ ಮನೆಯಲ್ಲೇ ಇದು ನಡೆದಿದೆ ಅಂತ ಗೊತ್ತಾದರೆ ನನ್ನನ್ನು ಓಡಿಸುತ್ತಾರೆ. ಮಗಳ ಮೇಲೆ ಪ್ರೀತಿ ಇಲ್ಲ ಅಂತ ಇದರ ಅರ್ಥ ಅಲ್ಲ. ಪ್ರೀತಿ ಇದೆ, ಭಯ ಅದಕ್ಕಿಂತ ಜಾಸ್ತಿ ಇದೆ. ಎರಡನ್ನೂ ಒಟ್ಟಿಗೆ ಆಡಿ.

ಪಾದ್ರಿ ಹೇಯ್ಲ್‌ಗೆ ಪುಸ್ತಕಗಳು. ಮಾಟ ಪತ್ತೆ ಮಾಡಲು ಬೆವರ್ಲಿ ಊರಿನಿಂದ ತೋಳಿನ ತುಂಬ ದಪ್ಪ ದಪ್ಪ ಗ್ರಂಥ ಹೊತ್ತು ಬರುತ್ತಾನೆ. ಇದು ಅವನ ಜೀವನದ ದೊಡ್ಡ ದಿನ. ಓದಿದ್ದೆಲ್ಲ ಈಗ ಉಪಯೋಗಕ್ಕೆ ಬರಲಿದೆ. ಹೊಸದಾಗಿ ಡಾಕ್ಟರಾದವನು ಮೊದಲ ರೋಗಿಯನ್ನು ನೋಡುವ ಹುಮ್ಮಸ್ಸು ಅವನಲ್ಲಿ ಇರಬೇಕು. ಆ ಪುಸ್ತಕಗಳ ಭಾರ ನಿಜವಾಗಿರಲಿ. ನಾವು ರದ್ದಿ ಅಂಗಡಿಯಿಂದ ಹಳೆಯ ಕಾನೂನು ಗ್ರಂಥಗಳನ್ನೇ ತಂದಿದ್ದೆವು. ಥರ್ಮೋಕೋಲಿನ ಪುಸ್ತಕ ಹಿಡಿದ ಹೇಯ್ಲ್‌ನ ನಡಿಗೆಯಲ್ಲಿ ಸುಳ್ಳು ಕಾಣುತ್ತದೆ.

ಮೇರಿ ವಾರೆನ್‌ಗೆ ಒಂದು ಊಟದ ಮೇಜು. ಪ್ರಾಕ್ಟರ್ ಮನೆಯ ಕೆಲಸದ ಹುಡುಗಿ ಅವಳು. ಇಷ್ಟು ದಿನ ಬೈಸಿಕೊಂಡು, ಹೊತ್ತಿಗೆ ಮಲಗು ಅಂತ ಹೇಳಿಸಿಕೊಂಡು ಇದ್ದವಳು. ಈಗ ನ್ಯಾಯಾಧೀಶರು ಅವಳ ಜೊತೆ ಕೂತು ಊಟ ಮಾಡಿದ್ದಾರೆ. ಇನ್ನು ಮೇಲೆ ನನ್ನ ಹತ್ತಿರ ಮರ್ಯಾದೆಯಿಂದ ಮಾತಾಡಬೇಕು ಅಂತ ಯಜಮಾನನಿಗೇ ಹೇಳುತ್ತಾಳೆ. ಮೇರಿ ಪಾತ್ರ ಮಾಡುವವರಿಗೆ ನಾನು ಯಾವಾಗಲೂ ಹೇಳುವುದು, ಈ ಸಾಲನ್ನು ಸೊಕ್ಕಿನಿಂದ ಹೇಳಬೇಡಿ ಅಂತ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಯಾರೋ ಅವಳನ್ನು ಮನುಷ್ಯಳ ಹಾಗೆ ನೋಡಿದ್ದಾರೆ. ಆ ಖುಷಿ ನಡುಗುವ ದನಿಯಲ್ಲಿ ಬರಲಿ.

ಮೂರನೇ ಹೆಜ್ಜೆ: ಬಾಯಲ್ಲಿ ಇರುವ ಮಾತು ಯಾರದು?

ಮೊದಲ ಅಂಕದ ಕೊನೆಯಲ್ಲಿ ಟಿಟೂಬಾಳ ವಿಚಾರಣೆ ನಡೆಯುತ್ತದೆ. ಆಕೆ ಬಾರ್ಬಡೋಸ್‌ನಿಂದ ಪ್ಯಾರಿಸ್ ತಂದ ಗುಲಾಮಳು. ಈ ದೃಶ್ಯವನ್ನು ತಾಲೀಮಿನಲ್ಲಿ ಎರಡು ದಿನ ಕೂತು ಬಿಡಿಸಿ ನೋಡಿ, ಇಡೀ ನಾಟಕದ ಯಂತ್ರ ಇಲ್ಲೇ ಇದೆ.

ಒಪ್ಪಿಕೊಳ್ಳದಿದ್ದರೆ ಸಾಯುವ ಹಾಗೆ ಚಾಟಿಯಲ್ಲಿ ಹೊಡೆಯುತ್ತೇನೆ ಅಂತ ಪ್ಯಾರಿಸ್. ಗಲ್ಲಿಗೆ ಹಾಕಬೇಕು ಅಂತ ಪಟ್ನಮ್. ಒಪ್ಪಿಕೊಂಡರೆ ದೇವರು ಕಾಪಾಡುತ್ತಾನೆ ಅಂತ ಹೇಯ್ಲ್ ಕೈ ಹಿಡಿಯುತ್ತಾನೆ. ಸೈತಾನನ ಜೊತೆ ಯಾರನ್ನು ಕಂಡೆ ಅಂತ ಕೇಳಿದಾಗ ಟಿಟೂಬಾಗೆ ಹೆಸರೇ ಹೊಳೆಯುವುದಿಲ್ಲ. ಆಗ ಪಟ್ನಮ್ ತಾನಾಗಿ ಹೆಸರು ತೂರಿಸುತ್ತಾನೆ: ಸಾರಾ ಗುಡ್? ಆಸ್‌ಬರ್ನ್? ಸ್ವಲ್ಪ ಹೊತ್ತಿಗೆ ಅವೇ ಹೆಸರು ಟಿಟೂಬಾ ಬಾಯಿಂದ ಹೊರಬರುತ್ತವೆ. ಕೂಡಲೇ ಆನ್ ಪಟ್ನಮ್, ನನಗೆ ಮೊದಲೇ ಗೊತ್ತಿತ್ತು, ಆಸ್‌ಬರ್ನ್ ಮೂರು ಸಲ ನನ್ನ ಸೂಲಗಿತ್ತಿಯಾಗಿದ್ದಳು ಅನ್ನುತ್ತಾಳೆ. ಗಂಡ ತೂರಿಸಿದ ಹೆಸರು ಸುತ್ತು ಹೊಡೆದು ಹೆಂಡತಿಗೆ ಸಾಕ್ಷಿಯಾಗಿ ವಾಪಸ್ ಬಂತು.

ಇಲ್ಲಿ ಇನ್ನೊಂದು ಎಳೆ ಇದೆ. ಪ್ಯಾರಿಸ್‌ನನ್ನು ಕೊಲ್ಲು ಅಂತ ಸೈತಾನ ಹೇಳಿದ, ಅವನು ಒಳ್ಳೆಯ ಮನುಷ್ಯ ಅಲ್ಲ ಅಂದ ಅಂತ ಟಿಟೂಬಾ ಹೇಳುತ್ತಾಳೆ. ವರ್ಷಗಟ್ಟಲೆ ಹೇಳಲು ಆಗದೆ ಇದ್ದ ಮಾತು ಸೈತಾನನ ಹೆಸರಿನಲ್ಲಿ ಹೊರಗೆ ಬಂತು. ಆಕೆ ಹೆದರಿ ಹೇಳುತ್ತಿದ್ದಾಳೆ, ಹೌದು. ಆದರೆ ಆ ಒಂದು ವಾಕ್ಯದಲ್ಲಿ ಹೆದರಿಕೆ ಇಲ್ಲ. ಅಲ್ಲಿ ಪಾತ್ರಧಾರಿ ತಲೆ ಎತ್ತಿ ಪ್ಯಾರಿಸ್‌ನ ಮುಖ ನೋಡಲಿ. ಒಂದೇ ಸಲ.

ಕಾಡಿನಲ್ಲಿ ಕುಣಿದ ಹುಡುಗಿಯರ ಮುಂದಾಳು ಅಬಿಗೇಲ್ ಪಕ್ಕದಲ್ಲೇ ನಿಂತು ಇದನ್ನೆಲ್ಲ ನೋಡುತ್ತಿದ್ದಾಳೆ. ಒಪ್ಪಿಕೊಂಡವಳನ್ನು ಎಲ್ಲರೂ ತಬ್ಬಿಕೊಳ್ಳುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗುತ್ತದೆ. ಆಗ ಎದ್ದು ಅವಳೂ ಹೆಸರು ಕೂಗುತ್ತಾಳೆ. ಇದು ಮೊದಲೇ ಹಾಕಿದ ಸಂಚು ಅಂತ ಆಡಿದರೆ ಕೆಡುತ್ತದೆ. ಅವಳು ದಾರಿ ಕಂಡದ್ದು ಆ ನಿಮಿಷದಲ್ಲಿ.

ಅಬಿಗೇಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಣ್ಣ ಮುಂದೆ, ಪಕ್ಕದ ದಿಂಬಿನ ಮೇಲೆ ಅಪ್ಪ ಅಮ್ಮ ಕೊಲೆಯಾದದ್ದನ್ನು ನೋಡಿದ ಅನಾಥೆ ಅವಳು. ಸೋದರಮಾವ ಪ್ಯಾರಿಸ್‌ನ ಮನೆಯಲ್ಲಿ ಹಂಗಿನ ಊಟ. ಪ್ರಾಕ್ಟರ್ ಮನೆಯಲ್ಲಿ ಕೆಲಸಕ್ಕಿದ್ದಾಗ ಯಜಮಾನ ಅವಳನ್ನು ಮುಟ್ಟಿದ. ಅವಳಿಗೆ ಅದು ಪ್ರೀತಿ, ಅವನಿಗೆ ಪಾಪ. ಅವನ ಹೆಂಡತಿ ಎಲಿಜಬೆತ್‌ಗೆ ತಿಳಿದು ಏಳು ತಿಂಗಳ ಹಿಂದೆ ಮನೆಯಿಂದ ಹೊರಹಾಕಿದಳು. ಕಾಡಿನಲ್ಲಿ ಅವಳು ರಕ್ತ ಕುಡಿದದ್ದು ಎಲಿಜಬೆತ್ ಸಾಯಲಿ ಅಂತ. ಅವಳು ಮಾಡಿದ್ದು ಘೋರ, ಅದನ್ನು ಮೆತ್ತಗೆ ಮಾಡಿ ತೋರಿಸಬೇಕಿಲ್ಲ. ಆದರೆ ಈ ದೊಡ್ಡವರ ಊರಲ್ಲಿ ಅವಳಿಗೆ ತನ್ನದು ಅಂತ ಇದ್ದದ್ದು ಒಂದೇ ನೆನಪು. ಪ್ರಾಕ್ಟರ್ ಅದನ್ನೂ ಅಲ್ಲಗಳೆಯುತ್ತಾನೆ, ನಾವು ಮುಟ್ಟಿಯೇ ಇಲ್ಲ ಅನ್ನುತ್ತಾನೆ. ಅವಳು ಕಲ್ಲಾಗುವುದು ಆ ಮಾತಿನ ಮೇಲೆ.

ನಾಲ್ಕನೇ ಹೆಜ್ಜೆ: ನೀನು, ನೀವು

ಕನ್ನಡದಲ್ಲಿ ಆಡುವವರಿಗೆ ಇರುವ ಒಂದು ಅನುಕೂಲ ಇದು. ಇಂಗ್ಲಿಷ್ ಮೂಲದಲ್ಲಿ ಎಲ್ಲರಿಗೂ ಒಂದೇ ಪದ. ಕನ್ನಡದಲ್ಲಿ ನೀವು ಆಯ್ಕೆ ಮಾಡಲೇಬೇಕು. ಆ ಆಯ್ಕೆಯಲ್ಲೇ ಪಾತ್ರದ ಒಳಗು ಅರ್ಧ ಬಿಚ್ಚಿಕೊಳ್ಳುತ್ತದೆ.

ಅಬಿಗೇಲ್ ಜನರ ಮುಂದೆ ಪ್ರಾಕ್ಟರ್‌ಗೆ ‘ನೀವು’ ಅನ್ನಲಿ. ಇಬ್ಬರೇ ಆದ ಕೂಡಲೇ ‘ನೀನು’. ಆ ಬದಲಾವಣೆ ಕೇಳಿದೊಡನೆ ಪ್ರೇಕ್ಷಕರಿಗೆ ಇಬ್ಬರ ನಡುವೆ ಏನು ನಡೆದಿದೆ ಅಂತ ಗೊತ್ತಾಗಿಬಿಡುತ್ತದೆ, ವಿವರಣೆಯೇ ಬೇಡ. ಎಲಿಜಬೆತ್ ಗಂಡನಿಗೆ ಎರಡನೇ ಅಂಕದುದ್ದಕ್ಕೂ ‘ನೀವು’ ಅನ್ನುತ್ತಾಳೆ, ಅದರಲ್ಲಿ ಮರ್ಯಾದೆಯೂ ಇದೆ, ದೂರವೂ ಇದೆ. ಕೊನೆಯ ಅಂಕದ ಸೆರೆಮನೆಯಲ್ಲಿ ಒಂದೇ ಒಂದು ಸಲ ‘ನೀನು’ ಅನ್ನಿಸಿ ನೋಡಿ. ನ್ಯಾಯಾಧೀಶ ಡ್ಯಾನ್‌ಫೋರ್ತ್ ಮೊದಲು ಪ್ರಾಕ್ಟರ್‌ಗೆ ‘ನೀವು’ ಅನ್ನುತ್ತಿದ್ದವನು, ಅವನು ತನ್ನ ವ್ಯಭಿಚಾರ ಒಪ್ಪಿಕೊಂಡ ಗಳಿಗೆಯಿಂದ ‘ನೀನು’ಗೆ ಇಳಿಯುತ್ತಾನೆ. ರೆಬೆಕ್ಕಾಗೆ ಮಾತ್ರ ಗಲ್ಲಿಗೆ ಕಳಿಸುವಾಗಲೂ ‘ನೀವು’.

ಹಾಗೆಯೇ, ಆ ಕಾಲದಲ್ಲಿ ಮದುವೆಯಾದ ಸಾಮಾನ್ಯ ಹೆಂಗಸನ್ನು ‘ಗುಡಿ’ ಅಂತ ಕರೆಯುತ್ತಿದ್ದರು. ಅದನ್ನು ಹಾಗೇ ಇಟ್ಟರೆ ನಮ್ಮ ಪ್ರೇಕ್ಷಕರಿಗೆ ದೇವಸ್ಥಾನ ಕಾಣುತ್ತದೆ. ‘ಪ್ರಾಕ್ಟರಮ್ಮ’, ‘ನರ್ಸಮ್ಮ’ ಅಂತ ಮಾಡಿಕೊಂಡರೆ ಊರಿನ ಹತ್ತಿರದ ಸಂಬಂಧವೂ ಉಳಿಯುತ್ತದೆ.

ಐದನೇ ಹೆಜ್ಜೆ: ಒಂದು ಚಿಟಿಕೆ ಉಪ್ಪು

ಎರಡನೇ ಅಂಕ ಶುರುವಾಗುವುದು ಮಾತಿಲ್ಲದೆ. ಪ್ರಾಕ್ಟರ್ ಹೊಲದಿಂದ ಮನೆಗೆ ಬರುತ್ತಾನೆ. ಎಲಿಜಬೆತ್ ಮೇಲೆ ಮಕ್ಕಳನ್ನು ಮಲಗಿಸುತ್ತಿದ್ದಾಳೆ. ಒಲೆಯ ಮೇಲಿನ ಸಾರಿನ ರುಚಿ ನೋಡುತ್ತಾನೆ, ಸಪ್ಪೆ. ಸುಮ್ನೆ ಒಂದು ಚಿಟಿಕೆ ಉಪ್ಪು ಹಾಕುತ್ತಾನೆ. ಅವಳು ಕೆಳಗೆ ಬಂದು ಬಡಿಸುತ್ತಾಳೆ. ಚೆನ್ನಾಗಿ ಉಪ್ಪು ಖಾರ ಬಿದ್ದಿದೆ ಅಂತ ಅವನು ಹೊಗಳುತ್ತಾನೆ. ಅವಳ ಮುಖ ಕೆಂಪಾಗುತ್ತದೆ, ತುಂಬ ಜೋಪಾನವಾಗಿ ಮಾಡಿದೆ ಅನ್ನುತ್ತಾಳೆ.

ಇಡೀ ಸಂಸಾರ ಈ ಉಪ್ಪಿನಲ್ಲಿದೆ. ಅವನಿಗೆ ಅವಳನ್ನು ಖುಷಿಪಡಿಸಬೇಕು, ಅದಕ್ಕೆ ಒಂದು ಸಣ್ಣ ಸುಳ್ಳು. ಅವಳಿಗೂ ಅವನಿಂದ ಒಂದು ಒಳ್ಳೆಯ ಮಾತು ಬೇಕಿತ್ತು. ಆಮೇಲೆ ಅವನು ಮುತ್ತು ಕೊಡಲು ಬಗ್ಗಿದಾಗ ಅವಳು ಅದನ್ನು ಪಡೆದುಕೊಳ್ಳುತ್ತಾಳೆ, ತಿರುಗಿ ಕೊಡುವುದಿಲ್ಲ. ಅವನು ಮತ್ತೆ ಊಟಕ್ಕೆ ಕೂರುತ್ತಾನೆ. ನಮ್ಮ ತಾಲೀಮಿನಲ್ಲಿ ಉಪ್ಪು ಹಾಕುವುದನ್ನು ಮೊದಲು ಬಿಟ್ಟೇ ಬಿಟ್ಟಿದ್ದೆವು, ಪಾತ್ರೆ ಒಲೆ ಎಲ್ಲ ಯಾಕೆ ಅಂತ. ಆಗ ದೃಶ್ಯ ಬರೀ ಗಂಡ ಹೆಂಡಿರ ಜಗಳದ ಹಾಗೆ ಕಂಡಿತು. ಉಪ್ಪು ವಾಪಸ್ ಬಂದ ದಿನ ಅಲ್ಲಿ ಇಬ್ಬರು ಒಂಟಿ ಮನುಷ್ಯರು ಕಂಡರು.

ಈಗ ಮೂರನೇ ಅಂಕದ ಕೋರ್ಟಿಗೆ ಬನ್ನಿ. ಅಷ್ಟರಲ್ಲಿ ಎಲಿಜಬೆತ್ ಮಾಟದ ಆರೋಪದ ಮೇಲೆ ಸೆರೆಯಲ್ಲಿದ್ದಾಳೆ. ಅಬಿಗೇಲ್‌ಳ ಸುಳ್ಳು ಬಯಲು ಮಾಡಲು ಪ್ರಾಕ್ಟರ್ ತನ್ನ ಮಾನವನ್ನೇ ಬಿಟ್ಟು ಹಾದರ ಒಪ್ಪಿಕೊಳ್ಳುತ್ತಾನೆ. ನನ್ನ ಹೆಂಡತಿ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ, ಕರೆಸಿ ಕೇಳಿ ಅನ್ನುತ್ತಾನೆ. ಡ್ಯಾನ್‌ಫೋರ್ತ್ ಅವಳನ್ನು ಕರೆಸುತ್ತಾನೆ. ಪ್ರಾಕ್ಟರ್ ಮತ್ತು ಅಬಿಗೇಲ್ ಬೆನ್ನು ತಿರುಗಿಸಿ ನಿಲ್ಲಬೇಕು. ನನ್ನ ಮುಖ ಮಾತ್ರ ನೋಡು ಅಂತ ಎಲಿಜಬೆತ್‌ಗೆ ಅಪ್ಪಣೆ. ಅವಳಿಗೆ ಗಂಡ ಒಪ್ಪಿಕೊಂಡದ್ದು ಗೊತ್ತಿಲ್ಲ. ಅಬಿಗೇಲ್‌ಳನ್ನು ಯಾಕೆ ಕೆಲಸದಿಂದ ಬಿಡಿಸಿದೆ? ಅವಳು ತಡವರಿಸುತ್ತಾಳೆ, ಗಂಡನ ಬೆನ್ನಿನ ಕಡೆ ಕಣ್ಣು ಹೋಗುತ್ತದೆ. ನಿನ್ನ ಗಂಡ ಹಾದರ ಮಾಡಿದವನೇ? ಕೊನೆಗೆ ಅವಳು, ಇಲ್ಲ ಅನ್ನುತ್ತಾಳೆ. ಅಷ್ಟೇ. ಅವಳನ್ನು ಹೊರಗೆ ಕರೆದೊಯ್ಯುವಾಗ ನಾನು ಒಪ್ಪಿಕೊಂಡಿದ್ದೇನೆ ಅಂತ ಪ್ರಾಕ್ಟರ್ ಕೂಗುತ್ತಾನೆ. ಹೊತ್ತು ಮೀರಿರುತ್ತದೆ.

ಎಲಿಜಬೆತ್ ಪಾತ್ರಧಾರಿ ಇಲ್ಲಿ ಕೇಳಿಕೊಳ್ಳಬೇಕಾದದ್ದು: ನಾನು ಈ ಸುಳ್ಳು ಯಾಕೆ ಹೇಳಿದೆ? ಗಂಡನನ್ನು ಉಳಿಸಲು ಅನ್ನುವುದು ಮೇಲಿನ ಉತ್ತರ. ಇನ್ನೊಂದಿದೆ. ಏಳು ತಿಂಗಳಿಂದ ಅವನ ತಪ್ಪನ್ನು ಮನೆಯೊಳಗೆ ತೂಗುತ್ತಾ ಬಂದವಳು ಅವಳು. ಪರರ ಮುಂದೆ ಆ ತಕ್ಕಡಿ ಹಿಡಿಯಲು ಅವಳಿಗೆ ಮನಸ್ಸಾಗಲಿಲ್ಲ. ಉಪ್ಪು ಹಾಕಿ ಅವನು ಹೇಳಿದ ಸಣ್ಣ ಸುಳ್ಳಿಗೆ ಅವಳು ಕೊಟ್ಟ ಉತ್ತರ ಈ ದೊಡ್ಡ ಸುಳ್ಳು. ಎರಡೂ ಪ್ರೀತಿಯಿಂದ ಹುಟ್ಟಿದವು.

ಆರನೇ ಹೆಜ್ಜೆ: ಮನಸ್ಸು ತಿರುಗುವ ಗಳಿಗೆಗೆ ಪೆನ್ಸಿಲ್ ಗುರುತು

ಒಂದು ಪಾತ್ರಕ್ಕೆ ನಾಟಕದುದ್ದಕ್ಕೂ ಒಂದೇ ಬಯಕೆ ಇರುವುದಿಲ್ಲ. ಬಯಕೆ ಬದಲಾಗುವ ಸಾಲಿನ ಪಕ್ಕದಲ್ಲಿ ಗೆರೆ ಎಳೆಯಿರಿ.

ಪ್ರಾಕ್ಟರ್‌ನ ಅತಿ ಮುಖ್ಯ ಗೆರೆ ಎಲ್ಲಿ ಅಂತ ಕೇಳಿದರೆ ಎಲ್ಲರೂ ಕೊನೆಯ ದೃಶ್ಯ ತೋರಿಸುತ್ತಾರೆ. ನಾನು ಮೂರನೇ ಅಂಕದ ಒಂದು ಚಿಕ್ಕ ಜಾಗ ತೋರಿಸುತ್ತೇನೆ. ಎಲಿಜಬೆತ್ ಬಸುರಿ ಅಂತ ಹೇಳಿದ್ದಾಳೆ, ಹೆರಿಗೆ ಆಗುವವರೆಗೆ ಅವಳಿಗೆ ಜೀವಭಯ ಇಲ್ಲ, ಇನ್ನಾದರೂ ಈ ದೂರು ಬಿಡುತ್ತೀಯಾ ಅಂತ ಡ್ಯಾನ್‌ಫೋರ್ತ್ ಕೇಳುತ್ತಾನೆ. ಪ್ರಾಕ್ಟರ್ ಬಂದದ್ದೇ ಹೆಂಡತಿಯನ್ನು ಬಿಡಿಸಲು. ಅದು ಸದ್ಯಕ್ಕೆ ಆಯಿತು. ಎದ್ದು ಮನೆಗೆ ಹೋಗಬಹುದು. ಪಕ್ಕದಲ್ಲಿ ಜೈಲ್ಸ್ ಕೋರಿ, ಫ್ರಾನ್ಸಿಸ್ ನರ್ಸ್ ನಿಂತಿದ್ದಾರೆ, ಅವರ ಹೆಂಡಂದಿರು ಒಳಗಿದ್ದಾರೆ. ಅವನು ತಡೆದು, ಆಗುವುದಿಲ್ಲ ಅನ್ನಿಸುತ್ತದೆ ಅನ್ನುತ್ತಾನೆ. ಅವನ ಕಾರಣ ಸ್ವಂತದ್ದರಿಂದ ಊರಿನದ್ದಾಗುವುದು ಆ ತಡೆಯಲ್ಲಿ. ಮೂರು ಉಸಿರು ಸುಮ್ಮನಿರಲು ಬಿಡಿ ಅವನನ್ನು.

ಹೇಯ್ಲ್‌ನ ತಿರುವು ನಿಧಾನ. ಎರಡನೇ ಅಂಕದಲ್ಲಿ ಅನುಮಾನ ಶುರು, ಮೂರರ ಕೊನೆಗೆ ಕೋರ್ಟು ಬಿಟ್ಟು ಹೊರಡುತ್ತಾನೆ, ನಾಲ್ಕರಲ್ಲಿ ಬಂದಿಗಳ ಮುಂದೆ ಮಂಡಿಯೂರಿ ಸುಳ್ಳು ಹೇಳಿ ಬದುಕಿಕೊಳ್ಳಿ ಅಂತ ಬೇಡುತ್ತಾನೆ. ಪುಸ್ತಕ ಹೊತ್ತು ಬಂದವನ ಕೈ ಈಗ ಖಾಲಿ.

ಪ್ಯಾರಿಸ್ ಕೂಡ ನಾಲ್ಕನೇ ಅಂಕದಲ್ಲಿ ಗಲ್ಲು ಮುಂದೂಡಿ ಅಂತ ಅಳುತ್ತಾನೆ. ಅಬಿಗೇಲ್ ಅವನ ಪೆಟ್ಟಿಗೆಯ 31 ಪೌಂಡು ಕದ್ದು ಓಡಿಹೋಗಿದ್ದಾಳೆ. ಬಾಗಿಲು ತೆಗೆದರೆ ಒಂದು ಬಾಕು ಕೆಳಗೆ ಬಿತ್ತಂತೆ. ಅವನು ಬೇಡುವುದು ಹೇಯ್ಲ್ ಬೇಡಿದ್ದನ್ನೇ, ಕಾರಣ ಮಾತ್ರ ಬೇರೆ. ಇಬ್ಬರನ್ನೂ ಒಂದೇ ದನಿಯಲ್ಲಿ ಆಡಿಸಬೇಡಿ.

ಏಳನೇ ಹೆಜ್ಜೆ: ಡ್ಯಾನ್‌ಫೋರ್ತ್‌ನನ್ನು ರಾಕ್ಷಸ ಮಾಡಬೇಡಿ

ಇವನಿಗೆ ಗಟ್ಟಿಯಾಗಿ ಕೂಗುವ ನಟ ಬೇಡ. ಮಾತು ಕೇಳಿಸಿಕೊಳ್ಳುವ ನಟ ಬೇಕು. ಅವನು ಬುದ್ಧಿವಂತ, ಪ್ರಶ್ನೆಗಳು ಚೊಕ್ಕ. ತೊಂದರೆ ಅವನ ಸಹಿಯಲ್ಲಿದೆ. ನಾಟಕದ ಪ್ರಕಾರ ಅವನ ಸಹಿಯಿಂದ ಸುಮಾರು 400 ಜನ ಸೆರೆಯಲ್ಲಿದ್ದಾರೆ, 72 ಜನರಿಗೆ ಗಲ್ಲು ವಿಧಿಸಲಾಗಿದೆ. ಈ ಹುಡುಗಿಯರು ಸುಳ್ಳುಗಾರರು ಅಂತ ಇವತ್ತು ಒಪ್ಪಿಕೊಂಡರೆ ಆ ಸಹಿಗಳ ಗತಿ ಏನು? ನಾಲ್ಕನೇ ಅಂಕದಲ್ಲಿ ಬಾಯಿಬಿಟ್ಟೇ ಹೇಳುತ್ತಾನೆ: ಇದೇ ಅಪರಾಧಕ್ಕೆ ಆಗಲೇ ಹನ್ನೆರಡು ಜನ ಸತ್ತಿದ್ದಾರೆ, ಇವರನ್ನು ಕ್ಷಮಿಸಲು ಆಗುವುದಿಲ್ಲ. ತಪ್ಪು ಮಾಡಿದ್ದೇನೆ ಅಂತ ಒಪ್ಪಿಕೊಳ್ಳುವ ಭಯ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಇವನಿಗಿಂತ ಸ್ಪಷ್ಟ ಪಾತ್ರ ನಾನು ಕಂಡಿಲ್ಲ. ಮೂರನೇ ಅಂಕದಲ್ಲಿ ಅವನ ಕಣ್ಣಲ್ಲಿ ಒಂದೆರಡು ಸಲ ಅನುಮಾನ ಸುಳಿಯಲಿ. ಅದನ್ನು ಅವನೇ ತಳ್ಳಿಹಾಕುವುದು ನಮಗೆ ಕಾಣಲಿ.

ಎಂಟನೇ ಹೆಜ್ಜೆ: ಇತಿಹಾಸ ಎಷ್ಟು ಬೇಕು?

ಸ್ವಲ್ಪ ಸಾಕು. ನಿಜವಾದ ಅಬಿಗೇಲ್‌ಗೆ ಆಗ ಹನ್ನೊಂದು ಹನ್ನೆರಡು ವರ್ಷ, ನಿಜವಾದ ಪ್ರಾಕ್ಟರ್‌ಗೆ ಅರವತ್ತರ ಆಸುಪಾಸು. ಮಿಲ್ಲರ್ ಅವಳ ವಯಸ್ಸು ಏರಿಸಿ, ಅವನದು ಇಳಿಸಿ ಇಬ್ಬರ ನಡುವೆ ಸಂಬಂಧ ಕಟ್ಟಿದ. ಹಾಗಾಗಿ ಇತಿಹಾಸ ಓದಿ ಅಬಿಗೇಲ್‌ಳ ಕಾರಣ ಹುಡುಕಿದರೆ ಸಿಗುವುದಿಲ್ಲ. ಹೇಯ್ಲ್ ವಿಷಯದಲ್ಲಿ ಮಾತ್ರ ಇತಿಹಾಸ ಒಂದು ಮಾತು ಹೇಳುತ್ತದೆ. ಆ ವರ್ಷದ ಕೊನೆಕೊನೆಗೆ ನಿಜವಾದ ಹೇಯ್ಲ್‌ನ ಹೆಂಡತಿಯ ಮೇಲೆಯೇ ಮಾಟದ ಆರೋಪ ಬಂತು. ನಾಟಕದ ಹೇಯ್ಲ್‌ಗೆ ಮಿಲ್ಲರ್ ಅಂಥ ಸ್ವಂತ ಕಾರಣ ಕೊಡಲಿಲ್ಲ, ಪರರ ನೋವು ನೋಡಿಯೇ ತಿರುಗುತ್ತಾನೆ.

ಇನ್ನೊಂದು ಇತಿಹಾಸ ಇದೆ, ಅದು 1950ರ ದಶಕದ್ದು. ಆಗ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿತ್ತು. ಸಂಸತ್ತಿನ ಸಮಿತಿಯೊಂದು ಕಲಾವಿದರನ್ನು ಕರೆಸಿ, ನಿನ್ನ ಜೊತೆ ಯಾರ್ಯಾರಿದ್ದರು ಹೆಸರು ಹೇಳು ಅನ್ನುತ್ತಿತ್ತು. ನಾಟಕ ಬಂದ ಮೂರು ವರ್ಷಕ್ಕೆ, 1956ರಲ್ಲಿ, ಮಿಲ್ಲರ್‌ನನ್ನೂ ಕರೆಸಿದರು. ಅವನು ಬೇರೆಯವರ ಹೆಸರು ಹೇಳಲಿಲ್ಲ. ಮರುವರ್ಷ ಅದಕ್ಕಾಗಿ ತಪ್ಪಿತಸ್ಥ ಅಂತ ತೀರ್ಪಾಯಿತು, 1958ರಲ್ಲಿ ಆ ತೀರ್ಪು ರದ್ದಾಯಿತು.

ಕೊನೆಯ ಹೆಜ್ಜೆ: ‘ಹೆಸರು’ ಪದದ ಬೆನ್ನು ಹಿಡಿಯಿರಿ

ಈ ಅಭ್ಯಾಸ ಕನ್ನಡದಲ್ಲಿ ತುಂಬ ಚೆನ್ನಾಗಿ ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ಹೆಸರು ಅಂದರೆ ಕರೆಯುವ ಹೆಸರೂ ಹೌದು, ಮಾನವೂ ಹೌದು. ಹೆಸರು ಕೆಡುತ್ತದೆ, ಹೆಸರು ಉಳಿಯುತ್ತದೆ. ಪಠ್ಯದಲ್ಲಿ ಆ ಪದ ಬಂದ ಕಡೆಯೆಲ್ಲ ಸುತ್ತು ಹಾಕಿ. ಊರಲ್ಲಿ ನಿನ್ನ ಹೆಸರು ಸ್ವಚ್ಛವಾಗಿದೆ ತಾನೇ ಅಂತ ಪ್ಯಾರಿಸ್ ಅಬಿಗೇಲ್‌ಳನ್ನು ಕೇಳುತ್ತಾನೆ, ನನ್ನ ಹೆಸರಿಗೆ ಮಸಿ ಇಲ್ಲ ಅಂತ ಅವಳು ಸಿಡಿಯುತ್ತಾಳೆ. ಹುಡುಗಿಯರು ಹೆಸರು ಕೂಗುತ್ತಾರೆ. ಪ್ರಾಕ್ಟರ್, ಕೋರಿ, ನರ್ಸ್ ಈ ಮೂವರ ಹೆಂಡಂದಿರ ಪರವಾಗಿ 91 ಜನ ಹೆಸರು ಬರೆದುಕೊಟ್ಟರೆ, ಕೋರ್ಟು ಅವರನ್ನೆಲ್ಲ ವಿಚಾರಣೆಗೆ ಕರೆಸುತ್ತದೆ. ತನಗೆ ಸುದ್ದಿ ಕೊಟ್ಟವನ ಹೆಸರು ಹೇಳಲಾರೆ ಅಂತ ಜೈಲ್ಸ್ ಕೋರಿ ಹಟ ಹಿಡಿಯುತ್ತಾನೆ. ಮೊದಲ ಅಂಕದಲ್ಲಿ, ಹೆಂಡತಿ ಏನೇನೋ ಪುಸ್ತಕ ಓದುತ್ತಾಳೆ ಅಂತ ಬಾಯಿ ಜಾರಿದ್ದ ಮುದುಕ ಅವನು. ಒಂದು ಸಲ ಬಾಯಿಬಿಟ್ಟ ಪಶ್ಚಾತ್ತಾಪಕ್ಕೇ ಎರಡನೇ ಸಲ ಬಾಯಿ ಮುಚ್ಚಿದ ಅಂತ ನನಗೆ ಅನ್ನಿಸುತ್ತದೆ.

ಈ ಸುತ್ತುಗಳೆಲ್ಲ ಸೇರುವುದು ಸೆರೆಮನೆಯಲ್ಲಿ. ಪ್ರಾಕ್ಟರ್‌ಗೂ ಮಾಟದ ಆರೋಪದ ಮೇಲೆ ಗಲ್ಲು ವಿಧಿಸಿದ್ದಾರೆ, ಮಾಟ ಒಪ್ಪಿಕೊಂಡರೆ ಜೀವ ಉಳಿಯುತ್ತದೆ. ಪ್ರಾಕ್ಟರ್‌ಗೆ ಬದುಕಬೇಕು. ಅದನ್ನು ಮರೆಯಬೇಡಿ, ಅವನು ಹುತಾತ್ಮನಾಗಲು ಬಂದವನಲ್ಲ. ಸಂತನ ಹಾಗೆ ಗಲ್ಲು ಏರಿದರೆ ಅದು ಮೋಸ, ನಾನು ಅಂಥವನಲ್ಲ ಅನ್ನುತ್ತಾನೆ. ಎಲಿಜಬೆತ್ ತೀರ್ಪು ಕೊಡಲು ಒಪ್ಪುವುದಿಲ್ಲ. ಬದಲಿಗೆ ತನ್ನ ತಪ್ಪು ಹೇಳಿಕೊಳ್ಳುತ್ತಾಳೆ: ನಾನು ಚೆಲುವೆಯಲ್ಲ, ನನ್ನನ್ನು ಯಾರೂ ನಿಜವಾಗಿ ಪ್ರೀತಿಸಲಾರರು ಅಂದುಕೊಂಡಿದ್ದೆ, ಅದಕ್ಕೇ ಮನೆ ತಣ್ಣಗಿತ್ತು. ಆ ತಕ್ಕಡಿ ಕೆಳಗಿಟ್ಟ ಮೇಲೆ ಅವನು ತನ್ನನ್ನು ತಾನೇ ತೂಗಬೇಕಾಯಿತು. ಬದುಕುತ್ತೇನೆ ಅನ್ನುತ್ತಾನೆ. ಸುಳ್ಳು ತಪ್ಪೊಪ್ಪಿಗೆ ಹೇಳುತ್ತಾನೆ. ಅಷ್ಟರಲ್ಲಿ ರೆಬೆಕ್ಕಾಳನ್ನು ಕರೆತರುತ್ತಾರೆ. ಆಕೆಯ ಮುಂದೆ ಅವನ ದನಿ ಕುಗ್ಗುತ್ತದೆ. ಇವಳನ್ನು ಸೈತಾನನ ಜೊತೆ ಕಂಡೆಯಾ ಅಂದರೆ ಇಲ್ಲ ಅನ್ನುತ್ತಾನೆ. ನನ್ನ ಪಾಪ ನಾನು ಹೇಳುತ್ತೇನೆ, ಬೇರೆಯವರದು ಹೇಳಲಾರೆ. ಕಾಗದಕ್ಕೆ ಸಹಿ ಹಾಕುತ್ತಾನೆ, ಆದರೆ ಕೊಡುವುದಿಲ್ಲ. ಅದನ್ನು ಚರ್ಚಿನ ಬಾಗಿಲಿಗೆ ಹಚ್ಚುತ್ತಾರೆ ಅಂತ ಅವನಿಗೆ ಗೊತ್ತು. ಮೂವರು ಮಕ್ಕಳಿಗೆ ಏನು ಕಲಿಸಲಿ ಅಂತ ಕೇಳುತ್ತಾನೆ. ಕೊನೆಗೆ ಆ ಕಾಗದವನ್ನು ಹರಿದುಹಾಕುತ್ತಾನೆ.

ತಾಲೀಮಿನಲ್ಲಿ ಇಲ್ಲಿ ದಿನಕ್ಕೊಂದು ಹೊಸ ಹಾಳೆ ಇಡಿ, ಪೂರ್ತಿ ಬರೆದ ಹಾಳೆ, ಕೆಳಗೆ ನಟ ನಿಜವಾಗಿ ‘ಜಾನ್ ಪ್ರಾಕ್ಟರ್’ ಅಂತ ಸಹಿ ಮಾಡಲಿ. ಹರಿಯುವುದು ಯಾವ ಸಾಲಿನ ಮೇಲೆ ಅಂತ ಮೊದಲೇ ನಿಗದಿ ಮಾಡಬೇಡಿ. ಕೂಗಾಡಿ ಹರಿಯುವುದೂ ಬೇಡ. ಮೊದಲು ಅವನು ಆ ಸಹಿಯನ್ನು ಓದಿಕೊಳ್ಳಲಿ. ನಮ್ಮ ಹುಡುಗ ಒಂದು ಸಂಜೆ ಹಾಳೆ ಹಿಡಿದು, ಶಾಯಿ ಇನ್ನೂ ಒಣಗಿಲ್ಲ ಅನ್ನುವ ಹಾಗೆ ಹೆಬ್ಬೆರಳನ್ನು ಆ ಹೆಸರಿನ ಮೇಲೆ ಮೆಲ್ಲಗೆ ಒತ್ತಿ ನೋಡಿದ. ಆಮೇಲೆ ಹರಿದ. ಅವತ್ತು ಎಲಿಜಬೆತ್ ಪಾತ್ರದ ಹುಡುಗಿ ತನ್ನ ಮಾತು ಮರೆತು ನಿಂತಿದ್ದಳು. ಪ್ರದರ್ಶನದಲ್ಲಿ ಆ ಮೌನವನ್ನು ಹಾಗೇ ಉಳಿಸಿಕೊಂಡೆವು.